ನನ್ನ ಬಲಗೈ ಸತ್ತಿಲ್ಲ

ಜವಳಗೇರಾ
ಶ್ರಾವಣ, ೧೯೬೬

ಗುರುಗುಂಟಾದ ದ್ಯಾವಪ್ಪ ಮಾವನವರಿಗೆ, ತಂಗಿಯ ಮಗಳು ಗ್ಯಾನಮ್ಮ ಬರೆದದ್ದು.

ಹುಸೇನಪ್ಪನ ಕೂಡ ನೀವು ಹೇಳಿಕಳಿಸಿದ ಮಾತು ಮುಟ್ಟಿತು. “ಆ ಕೈ ಸತ್ತೈತಿ. ನಾಟಿಗೆ ಕಳಿಸಬ್ಯಾಡ್ರಿ, ಇಲ್ಲಿ ಕುರಿಮರಿ ಕಾಯ್ಕೊಂಡು ಕುಂಡರಲಿ.” ಅವ್ವ ಒಪ್ಪಿದ್ದಾಳೆ. ನಾನು ಒಪ್ಪಿಲ್ಲ, ಬರುವುದೂ ಇಲ್ಲ.

ಕಾರ್ತಿಕದಲ್ಲಿ ಕಾಲುವೆ ಏರಿಯಿಂದ ಬಿದ್ದು ತೋಳು ಮುರಿದಾಗ ಬಿದಿರ ದಬ್ಬೆ ಇಟ್ಟು ಕಟ್ಟಿದವರು ನೀವು. ಎಲುಬು ಕೂಡಿಸುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ನನ್ನದೂ ನೆಟ್ಟಗೆ ಕೂಡಿದೆ. ಆದರೆ ಕಟ್ಟಿದವರೇ ಬಿಚ್ಚಬೇಕು ಎನ್ನುವುದು ನಮ್ಮ ಮನೆತನದ ಕಟ್ಟಳೆ. ಒಂದೂವರೆ ತಿಂಗಳಿಗೆ ಬಿಚ್ಚುತ್ತೇನೆಂದ ನೀವು ಕುರಿ ಹೊಡೆದುಕೊಂಡು ಹೊಳೆಸಾಲಿಗೆ ಹೋದವರು ಯುಗಾದಿಗೆ ಬಂದಿರಿ. ಅಲ್ಲಿಯವರೆಗೆ ಯಾರೂ ಗಂಟು ಮುಟ್ಟಲಿಲ್ಲ. ತಪ್ಪು ನನ್ನದೂ ಇದೆ, ನಾನೂ ಮುಟ್ಟಲಿಲ್ಲ. ಬಿಚ್ಚಿದಾಗ ತೋಳು ಜೋಳದ ದಂಟಿನಂತಿತ್ತು. ನಾಟಿ ಗುಂಪಿನ ಹಿರಿಯಳು ಪಾರ್ವತೆಮ್ಮ ನೋಡಿ, “ಏನಬೇ ಗ್ಯಾನಿ, ಕೈ ಸಿಂಧನೂರು ಸಂತ್ಯಾಗ ಮರತು ಬಂದಿಯೇನು?” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುದಿನ ಸಿಂಧನೂರಿಗೇ ಹೋದೆ.

ದವಾಖಾನೆಯ ಕಂಪೌಂಡರ್ ಲಾಲ್‌ಸಾಬ್ ನನ್ನ ತೋಳು ನೋಡಿ ಮನೆಗೆ ಕರೆದೊಯ್ದು, ಅಲ್ಲಿ ಬೇಯಿಸಿದ ಆಡಿನ ತೊಡೆಯ ತುಂಡೊಂದನ್ನು ತಟ್ಟೆಗೆ ಹಾಕಿ ಬೆರಳಿನಿಂದ ಬಿಡಿಸಿದರು. ನೂಲಿನಂಥ ಎಳೆಗಳು, ಎಳೆಗಳ ಸಿವುಡು, ಸಿವುಡಿಗೊಂದು ತೆಳ್ಳನೆಯ ಪೊರೆ, ಎಲ್ಲ ಸೇರಿ ಒಂದು ಖಂಡ. ತುದಿಯಲ್ಲಿ ಎಲುಬನ್ನು ಕಚ್ಚಿ ಹಿಡಿದ ಬಿಳಿ ಪಟ್ಟಿ.

“ನೋಡು ತಂಗಿ, ಈ ಖಂಡಕ್ಕ ಎಳೆಯೋದಷ್ಟ ಗೊತ್ತು, ದೂಡೋದು ಗೊತ್ತಿಲ್ಲ. ಅದಕ್ಕ ತೋಳಿನ ಮುಂದೊಂದು, ಹಿಂದೊಂದು. ಒಂದು ಬಿಗಿದ್ರ ಕೈ ಮಡಚತೈತಿ, ಇನ್ನೊಂದು ಬಿಗಿದ್ರ ಚಾಚತೈತಿ. ಎದಿಗುಂಡಿಗಿ ಯಾರ ಮಾತೂ ಕೇಳಂಗಿಲ್ಲ, ಇದು ನಿನ್ನ ಹುಕುಂ ಕೇಳತೈತಿ. ಕೆಲಸ ಇಲ್ಲದ ಎಳಿ ಸಣ್ಣಾಗ್ಯಾವ. ಸತ್ತಿಲ್ಲ.”

ಒಳಗಿನಿಂದ ಅವರ ಹೆಂಡತಿ ರಾಜಾಬೀ, “ಪಾಠ ಮುಗಿದಿದ್ರ ಆ ತುಂಡು ಆಕಿಗೆ ತಿನ್ನಾಕ ಕೊಡ್ರಿ” ಎಂದರು. ತಿಂದೆ.

ಅಂದಿನಿಂದ ಹುಕುಂ ಕೊಡುತ್ತಲೇ ಇದ್ದೇನೆ. ಮೊದಲ ದಿನ ಖಾಲಿ ಚೆಂಬೂ ಕೈಜಾರಿ ಬಿತ್ತು. ಆಮೇಲೆ ತುಂಬಿದ ಚೆಂಬು, ಆಮೇಲೆ ಅರ್ಧ ಕೊಡ. ಈಗ ತುಂಬಿದ ಕೊಡವನ್ನು ಬಲಗೈಯಲ್ಲೇ ಎತ್ತುತ್ತೇನೆ. ನೋಯುತ್ತದೆ. ನೋಯುವುದಕ್ಕೂ ಅದು ಬದುಕಿರಬೇಕಲ್ಲ, ಮಾವ.

ಸೋಮವಾರ ನಾಟಿ ಶುರು. “ಹಿಂದ ಬಿದ್ರ ಸಾಲು ಬಿಟ್ಟು ಏಳಬೇಕು ನೋಡು” ಎಂದಿದ್ದಾಳೆ ಪಾರ್ವತೆಮ್ಮ. ಹಿಂದೆ ಬೀಳಬಹುದು, ಏಳುವುದಿಲ್ಲ. ಬೇಕಾದರೆ ಬಂದು ಬದುವಿನ ಮೇಲೆ ನಿಂತು ನೋಡಿರಿ. ಎಲ್ಲರೂ ಮುಂದೆ ಹೋದ ಮೇಲೂ ಬಗ್ಗಿ ಸಸಿ ಊರುತ್ತಿರುವವಳು ನಾನು.

ನಿಮ್ಮ ಹಿಂಡು ಹೆಚ್ಚಲಿ, ಮೈ ಗಟ್ಟಿಯಿರಲಿ.

ಎರಡೂ ಕೈ ಜೋಡಿಸಿ ಶರಣು ಹೇಳುವ
ಗ್ಯಾನಮ್ಮ