ಲುವೊ ಹೂಪಾತಿಗೆ ಬಿದ್ದ ಬಗ್ಗೆ

ಸುಝೌ, ಏಪ್ರಿಲ್

ತೈ ಚಿ ಗುರುಗಳಾದ ಶೆನ್ ಮೇಷ್ಟ್ರಿಗೆ ಮೂರನೇ ಸಾಲಿನ ಫಾಂಗ್ ದೆಯೂ ಮಾಡುವ ವಂದನೆ.

ನಿನ್ನೆ ಉದ್ಯಾನದಲ್ಲಿ, ಕೈಗೆ ಕೈ ತಾಗಿಸಿ ಮಾಡುವ ಜೋಡಿ ಅಭ್ಯಾಸದಲ್ಲಿ, ನಾನು ಲುವೊನನ್ನು ತಳ್ಳಿದ್ದು ನಿಜ. ಎದುರಿನವನ ಬಲಕ್ಕೆ ಮಣಿಯಬೇಕೆಂದು ನೀವು ಕಲಿಸಿದ್ದೀರಿ, ನಾನು ಮಣಿಯಲಿಲ್ಲ. ಅವನು ಹೋಗಿ ಪಿಯೋನಿ ಹೂವಿನ ಪಾತಿಯಲ್ಲಿ ಕೂತ. ಕಾಲೇಜಿನ ಇಂಗ್ಲಿಷಿನಲ್ಲಿ ಇದಕ್ಕೆ ಆಕ್ಸಿಡೆಂಟ್ ಎನ್ನುತ್ತಾರೆ. ಇನ್ಸಿಡೆಂಟೋ ಏನೋ, ಮರೆತಿದೆ.

ಮೂಲಿಕೆ ವೈದ್ಯರು ನನ್ನ ನಾಡಿ ಹಿಡಿದು, "ವಸಂತದಲ್ಲಿ ಪಿತ್ತಜನಕಾಂಗ ಕೆರಳುತ್ತೆ ಅಜ್ಜ, ಯಾರ ಮೇಲೆ ಸಿಟ್ಟು?" ಎಂದರು. ಯಾರ ಮೇಲೂ ಇಲ್ಲ ಎಂದೆ. ಆದರೂ ಪಿತ್ತ ತಣಿಯಲೆಂದು ಸೇವಂತಿಗೆ ಚಹಾ ಕುಡಿಯುತ್ತಿದ್ದೇನೆ. ಹೆಂಡತಿ ಇದ್ದಾಗ ಅವಳೇ ಮಾಡಿಕೊಡುತ್ತಿದ್ದಳು, ಅದಿರಲಿ.

ಲುವೊ ಬಿದ್ದಾಗ ಯುನ್ ಮೇಡಂ ಓಡಿಬಂದು ಅವನ ತೋಳು ಹಿಡಿದೆತ್ತಿದರು, ಮಣ್ಣು ಕೊಡವಿದರು, ತಮ್ಮ ಫ್ಲಾಸ್ಕಿನ ಚಹಾ ಕುಡಿಸಿದರು. ನನಗೆ, "ಏನ್ರೀ ಫಾಂಗ್, ಇದು ತೈ ಚಿನಾ, ಗೂಳಿ ಕಾಳಗಾನಾ?" ಎಂದರು. ಎಲ್ಲರೂ ನಕ್ಕರು. ಎರಡು ವರ್ಷದಿಂದ ಅವರ ಪಕ್ಕದಲ್ಲಿ ನಿಲ್ಲುವವನು ನಾನು. ಆ ಚಹಾದ ಒಂದು ಗುಟುಕೂ ಕಂಡಿಲ್ಲ.

ಲುವೊನನ್ನು ನಮ್ಮ ಸಾಲಿನಿಂದ ತೆಗೆದು ಮೊದಲ ಸಾಲಿಗೆ ಕಳಿಸಿ ಎಂದು ಕೇಳಲು ಕೂತಿದ್ದೆ. ಬೇಡ. ನಾಳೆಯೂ ಅವನನ್ನೇ ನನಗೆ ಜೋಡಿ ಮಾಡಿ. ನೀವು ಕಲಿಸಿದಂತೆ ಮಣಿಯುತ್ತೇನೆ. ಅವನು ಸುಮ್ಮನೆ ಮುಟ್ಟಿದರೂ ಸಾಕು, ಬೀಳುತ್ತೇನೆ. ಯುನ್ ಮೇಡಂ ಮಾತ್ರ ಹತ್ತಿರದಲ್ಲೇ ಇರುವಂತೆ ನೋಡಿಕೊಳ್ಳಿ.

ನಿಮ್ಮ ಶಿಷ್ಯ,
ಫಾಂಗ್ ದೆಯೂ