ಎರಡೂವರೆ ಗಂಟೆಯ ದಾರಿ

ಜಯನಗರ ಎರಡನೇ ಬ್ಲಾಕ್,
೯ ಆಗಸ್ಟ್ ೧೯೬೨

ಜಯದೇವಿಯ ತಂದೆಯವರಿಗೆ ಸರ್ವಮಂಗಳಾ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ಬಂತು. ಬೊಂಬಾಯಿಯ ಸಾಂತಾಕ್ರೂಜ್ ವಿಮಾನ ನಿಲ್ದಾಣದವರೆಗೆ ಹೋಗಿ, ಟಿಕೆಟ್ ಕೈಯಲ್ಲಿದ್ದೂ, ಹೆಸರು ಹಿಡಿದು ಕೂಗಿದಾಗ ಏಳಲಾರದೆ ಕುಳಿತುಬಿಟ್ಟಿರೆಂದು ಬರೆದಿದ್ದೀರಿ. ಮಗಳು ಸಾಯುವುದನ್ನು ನೋಡುವ ಧೈರ್ಯ ಬರಲಿಲ್ಲವೆಂದಿದ್ದೀರಿ. ಕೊನೆಯಲ್ಲಿ ಅವಳು ನಿಮ್ಮನ್ನು ಕೇಳಿದಳೇ ಎಂದು ವಿಚಾರಿಸಿದ್ದೀರಿ. ಹೇಳುತ್ತೇನೆ.

ಮೆದುಳು ಜ್ವರವೆಂದು ಡಾಕ್ಟರು ಕೈಚೆಲ್ಲಿದ ದಿನ ನನ್ನಣ್ಣ ರೇವಣಸಿದ್ದಪ್ಪ ನಿಮಗೆ ತಂತಿ ಕೊಟ್ಟ. ನಾಳೆಯ ವಿಮಾನಕ್ಕೆ ಹೊರಡುತ್ತೇನೆಂದು ನಿಮ್ಮ ಉತ್ತರ ಬಂದಾಗ ಅದನ್ನು ಅವಳಿಗೆ ಓದಿ ಹೇಳಿದವಳು ನಾನೇ. ನೀವು ಮನೆ ಬಿಟ್ಟು ಹೋದ ಮೇಲೆ ಒಮ್ಮೆಯೂ ನಿಮ್ಮ ಮಾತೆತ್ತದ ಹುಡುಗಿ, "ಬೊಂಬಾಯಿ ಎಷ್ಟು ದೂರಮ್ಮ?" ಎಂದಳು. ಐನೂರು ಮೈಲಿಗೂ ಹೆಚ್ಚು ಎಂದೆ. ಅವಳ ಮುಖ ಬಾಡಿತು. ರೈಲಿನಲ್ಲಾದರೆ ಒಂದು ಹಗಲು ಒಂದು ರಾತ್ರಿ ಕಳೆದರೂ ಸಾಲದು, ವಿಮಾನಕ್ಕಾದರೆ ಎರಡೂವರೆ ಗಂಟೆ, "ನೀನು ಒಂದು ನಿದ್ದೆ ಮಾಡಿ ಏಳೋದ್ರೊಳಗೆ ಬಂದ್ಬಿಡ್ತಾರೆ" ಎಂದೆ.

ಅವಳು ನಿದ್ದೆಯನ್ನೇ ಮಾಡಲಿಲ್ಲ. ಇಲ್ಲಿನ ವಿಮಾನ ಕಾರ್ಖಾನೆಯಿಂದ ಹೊಸ ವಿಮಾನಗಳು ಪರೀಕ್ಷೆಗೆ ಹಾರುತ್ತವಲ್ಲ, ಒಂದೊಂದರ ಸದ್ದಿಗೂ "ಇದಾ?" ಎಂದು ಕೇಳುತ್ತಿದ್ದಳು. ನಿಮ್ಮ ತಾಯಿ ಇಷ್ಟಲಿಂಗ ಹಿಡಿದು ಅವಳ ಕಾಲ ಬಳಿ ಕೂತಿದ್ದರು. ಅಣ್ಣ ಟ್ಯಾಕ್ಸಿ ಮಾಡಿಕೊಂಡು ನಿಲ್ದಾಣಕ್ಕೆ ಹೋದ. ಅಪ್ಪ ಬರುತ್ತಾರೆ, ಚೆನ್ನಾಗಿ ಕಾಣಲಿ ಎಂದು ಅವಳ ತಲೆ ಬಾಚಲು ಹೋದೆ. ನೋವು ಎಂದು ಅತ್ತಳು. ಬಿಟ್ಟೆ.

ಅಣ್ಣ ಒಬ್ಬನೇ ಬಂದ. ಬಾಗಿಲಲ್ಲೇ ಇಲ್ಲವೆಂದು ತಲೆಯಾಡಿಸಿದ. ವಿಮಾನ ಹೊತ್ತಿಗೆ ಸರಿಯಾಗಿ ಇಳಿದಿತ್ತು, ಕೊನೆಯ ಪ್ರಯಾಣಿಕ ಇಳಿದು ಏಣಿ ಸರಿಸುವವರೆಗೂ ನಿಂತಿದ್ದೆ ಎಂದು ಆಮೇಲೆ ನನಗೊಬ್ಬಳಿಗೇ ಹೇಳಿದ.

ಅಷ್ಟರಲ್ಲಿ ಜಯದೇವಿಗೆ ಕಣ್ಣು ಕಾಣುತ್ತಿರಲಿಲ್ಲ. ಹೆಜ್ಜೆಯ ಸಪ್ಪಳಕ್ಕೆ ಕೈ ಚಾಚಿದಳು. ನಾನು ಅಣ್ಣನ ಕೈಯನ್ನು ಎಳೆದು ಅವಳ ಕೈಯಲ್ಲಿಟ್ಟೆ. "ಅಪ್ಪ ಬಂದ್ರು, ಪುಟ್ಟ" ಎಂದೆ. "ಮೇಲೆ ಭಯ ಆಯ್ತಾ ಅಪ್ಪಾ?" ಎಂದು ಕೇಳಿದಳು. ಬಾಯಿ ತೆರೆದರೆ ದನಿ ಗುರುತು ಹಿಡಿದಾಳೆಂದು ಅಣ್ಣ ಸುಮ್ಮನೆ ಅವಳ ಬೆರಳು ಒತ್ತಿದ. ಆಮೇಲೆ ಅವಳು ಮಾತಾಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೋದಳು, ಆ ಕೈ ಬಿಡದೆ.

ಮರುದಿನ ಮಣ್ಣು ಮಾಡಿದೆವು. ನೀವು ಹಾಕಬೇಕಾದ ಹಿಡಿ ಮಣ್ಣನ್ನೂ ಅಣ್ಣನೇ ಹಾಕಿದ. ಈಗ ಊಟಕ್ಕೆ ಕೂತರೆ ತುತ್ತು ಕಲಸುವುದನ್ನು ನಿಲ್ಲಿಸಿ ತನ್ನ ಕೈಯನ್ನೇ ನೋಡುತ್ತ ಕೂತುಬಿಡುತ್ತಾನೆ.

ನಿಮಗೆ ಶಾಪ ಹಾಕೋಣವೆಂದರೆ ಅದಕ್ಕೂ ನನ್ನಲ್ಲಿ ಶಕ್ತಿಯಿಲ್ಲ. ಬೆಳಗಾಗುತ್ತದೆ, ಒಲೆ ಹಚ್ಚುತ್ತೇನೆ, ಏಕೆಂದು ತಿಳಿಯುವುದಿಲ್ಲ. ವಿಮಾನದ ಸದ್ದಾದರೆ ಬಚ್ಚಲಿಗೆ ಹೋಗಿ ಕಿವಿ ಮುಚ್ಚಿಕೊಂಡು ಕೂರುತ್ತೇನೆ. ಕ್ಷಮಿಸು ಎಂದು ಬರೆದಿದ್ದೀರಿ. ಕ್ಷಮಿಸಬೇಕಾದವಳು ನೀವು ಬಂದಿರೆಂದೇ ನಂಬಿಕೊಂಡು ಹೋದಳು. ನನ್ನ ಕೈಯಲ್ಲಿ ಏನೂ ಇಲ್ಲ.

ಇಂತಿ,
ಸರ್ವಮಂಗಳಾ

ತಾ.ಕ.: ಮೋಡ ಕವಿದು ವಿಮಾನ ಇಳಿಯಲಾಗದೆ ಹಿಂದಿರುಗಿತೆಂದು ನಿಮ್ಮ ತಾಯಿಗೆ ಹೇಳಿದ್ದೇನೆ. "ನನ್ನ ಮಗ ನಮ್ಮೂರ ಆಕಾಶದವರೆಗೂ ಬಂದಿದ್ದ" ಎಂದು ಮನೆಗೆ ಬಂದವರಿಗೆಲ್ಲ ಹೇಳಿಕೊಂಡು ಅಳುತ್ತಾರೆ. ಅವರಿಗೆ ಬರೆಯುವಾಗ ನೀವೂ ಹಾಗೆಯೇ ಬರೆಯಿರಿ. ನನಗೆ ಬರೆಯಬೇಡಿ.