ಮಿರ್ಲೆಯಲ್ಲಿ ನಿನಗಿಡುವ ಎಡೆ

ಅಪ್ಪಾ,

ನೀನು ಹೋದ ಮೇಲೆ ನಿನ್ನ ಟ್ರಂಕು ತೆಗೆದೆ. ಎರಡು ಶರ್ಟು, ಗ್ಯಾರೇಜಿನ ಸ್ಪ್ಯಾನರ್ ಒಂದು, ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡ ಅಮ್ಮನ ಫೋಟೊ, ಮಡಚಿದ ಕಡೆಯೆಲ್ಲ ಹರಿದಿದ್ದ ನಿನ್ನ ಸ್ಕೂಲಿನ ಟಿ.ಸಿ. ಅದರಲ್ಲಿ ಊರು ಮಿರ್ಲೆ ಅಂತಿತ್ತು. ಇಷ್ಟು ವರ್ಷ ಎಲ್ಲ ಫಾರಂಗಳಲ್ಲೂ ನಾನು ಎಚ್.ಡಿ. ಕೋಟೆ ಅಂತಲೇ ಬರೆದಿದ್ದೆನಲ್ಲ. ನೀನೇಕೆ ಒಂದು ಸಲವೂ...

ಹಿರಿಯರ ಹಬ್ಬ ಹತ್ತಿರ ಬಂದಾಗ ರೂಮ್‌ಮೇಟ್ ಊರಿಗೆ ಹೊರಡುವ ಮಾತಾಡಿದಳು. ಅವಳ ತಾತನಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಬಡಿಸಿ, ಹೆಸರು ಹಿಡಿದು ಕರೆಯುತ್ತಾರಂತೆ. "ನಿಮ್ಮಪ್ಪನಿಗೆ ಎಲ್ಲಿ ಎಡೆ ಇಡ್ತಾರೆ?" ಅಂದಳು. ಹಾಸ್ಟೆಲಿನಲ್ಲಿ ದೀಪ ಹಚ್ಚಲೂ ಬಿಡುವುದಿಲ್ಲ. ಕೋಟೆಯ ಬಾಡಿಗೆ ಮನೆ ಖಾಲಿ ಮಾಡಿದ್ದಾಯಿತು. ನಿನ್ನನ್ನು ಎಲ್ಲಿಗೆ ಅಂತ ಕರೆಯಲಿ? ಅದಕ್ಕೇ ಕ್ಲಾಸ್ ಬಿಟ್ಟು, ಮಿರ್ಲೆಗೆಂದು ಕೆ.ಆರ್. ನಗರದ ಬಸ್ಸು ಹತ್ತಿದೆ. ನಿನ್ನವರು ಯಾರಾದರೂ ಸಿಕ್ಕರೆ, ಅವರ ಹಿರಿಯರ ಪಕ್ಕದಲ್ಲಿ ನಿನಗೂ ಒಂದು ಎಲೆ ಹಾಕಿ ಅಂತ ಕೇಳಬೇಕಿತ್ತು. ಆ ಒಂದು ಮಾತನ್ನು ಬಸ್ಸಿನಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡು, ಕನ್ನಡಕ್ಕೆ ತಿರುಗಿಸಿ, ಬಾಯಿಪಾಠ ಮಾಡಿದೆ. ನಗಬೇಡ.

ಮಿರ್ಲೆಯಲ್ಲಿ ನಿನ್ನ ಹೆಸರು ಹೇಳಿ ಕೇಳಿದಾಗ ಒಂದು ಮನೆ ತೋರಿಸಿದರು. ನಿನ್ನ ತಮ್ಮ ಜಗಲಿಯ ಮೇಲೆ ಕೂತು ಪಂಪ್‌ಸೆಟ್ಟಿನ ವೈರು ಸುತ್ತುತ್ತಿದ್ದರು. ನಿನ್ನದೇ ಕಿವಿ. ನಿನ್ನ ಹೆಸರು ಹೇಳಿ, ಮಗಳು ಅಂದೆ. ಜೂನಿನಲ್ಲಿ ತೀರಿಕೊಂಡರು ಅಂದೆ. ಬಾಯಿಪಾಠ ಅಷ್ಟಕ್ಕೇ ನಿಂತುಹೋಯಿತು.

ಒಳಗಿನಿಂದ ಚಿಕ್ಕಮ್ಮ ಬಂದರು. "ಪಾಲ್ ಕೇಳಕ್ ಬಂದಿದ್ದೀಯೇನವ್ವ? ಅಂಗಿದ್ರೆ ಈಗ್ಲೇ ಯೇಳ್ಬುಡು."

"ಸುಮ್ಕಿರಮ್ಮಿ," ಅಂದರು ಚಿಕ್ಕಪ್ಪ. ಆಮೇಲೆ ನನ್ನ ಕಡೆ ನೋಡದೆ, "ನಮ್ ಪಾಲ್ಗೆ ಅವ್ನು ಸತ್ತು ಇಪ್ಪತ್ ವರ್ಸ ಆಯ್ತು ಕಣವ್ವ. ಬ್ಯಾರೆ ಜಾತಿಯೋಳ್ನ ಕಟ್ಕಂಡ ಅಂತ ನಮ್ಮಪ್ಪ ಅವತ್ತೇ ತಲೆ ಬೋಳಿಸ್ಕಂಡು ತಿಥಿ ಮಾಡ್ಬುಟ್ರು. ತಿಥಿ ಮಾಡ್ದ್ ಮೇಲೆ ಎಡೆ ಇಕ್ದೆ ಬುಡಕಾಯ್ತದಾ? ವರ್ಸ ವರ್ಸ ಇಕ್ತಾ ಇವ್ನಿ. ಈಗ ನಮ್ಮಪ್ಪನ್ ಎಲೆ ಪಕ್ಕದಲ್ಲೇ. ಮುದ್ದೆ, ಬಾಡಿನ ಸಾರು, ಒಂದ್ ಕಟ್ಟು ಬೀಡಿ. ಬೀಡಿ ಇಲ್ದೆ ನಮ್ಮಣ್ಣ ಆಸ್ಗೆ ಬುಟ್ಟೇ ಏಳ್ತಿರ್ನಿಲ್ಲ."

ಕೋಟೆಯ ಗ್ಯಾರೇಜಿನಲ್ಲಿ ನೀನು ಜೀಪಿನ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದಾಗ ಇಲ್ಲಿ ನಿನ್ನ ಹೆಸರು ಹಿಡಿದು ಉಣ್ಣಲು ಕರೆಯುತ್ತಿದ್ದರು, ಅಪ್ಪಾ. ನಿನಗೆ ಬಿಕ್ಕಳಿಕೆಯಾದರೂ ಬಂದಿತ್ತಾ?

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗಿನ ಒಂದು ಸಂಡೆ ನೆನಪಿದೆಯಾ? ಹಾಸ್ಟೆಲ್ ಗೇಟಿನಲ್ಲಿ ನೀನು ಬಗ್ಗಿ ತಬ್ಬಿಕೊಳ್ಳಲು ಬಂದೆ. ನಾನು ಮೂಗು ಮುಚ್ಚಿಕೊಂಡು "ಅಪ್ಪಾ, ಸ್ಮೆಲ್" ಅಂದೆ. ಹುಡುಗಿಯರೆಲ್ಲ ನಕ್ಕರು. ಮುಂದಿನ ಸಂಡೆಯಿಂದ ನಿನ್ನ ಹತ್ತಿರ ಬರೀ ಲೈಫ್‌ಬಾಯ್ ಸೋಪಿನ ವಾಸನೆ. ನಾನು ಥ್ಯಾಂಕ್ಸ್ ಕೂಡ ಹೇಳಲಿಲ್ಲ.

"ಅಪ್ಪ ಬೀಡಿ ಬಿಟ್ಟಿದ್ರು," ಅಂದೆ ಚಿಕ್ಕಪ್ಪನಿಗೆ. ವೈರು ಸುತ್ತುತ್ತಿದ್ದ ಕೈ ನಿಂತಿತು. ನೀನು ಸತ್ತ ಸುದ್ದಿಗೆ ನಿಲ್ಲದ ಕೈ.

"ಬುಟ್ಬುಟ್ನಾ?" ವೈರು ಕೆಳಗಿಟ್ಟು ಕೇಳಿದರು, "ಅಂಗಾರೆ ಏನಿಕ್ಕವ? ಅವ್ನಿಗೇನ್ ಇಷ್ಟ ಆಯ್ತಿತ್ತವ್ವ?"

"ಮಗ್ಳಲ್ವಾ, ಯೇಳು," ಅಂದರು ಚಿಕ್ಕಮ್ಮ.

ನನಗೆ ಗೊತ್ತಿರಲಿಲ್ಲ, ಅಪ್ಪಾ. ಸಂಡೆ ನೀನು ತರುತ್ತಿದ್ದದ್ದು ನನಗಿಷ್ಟದ ಪಫ್ಸು. "ನಂದಾಯ್ತು, ನೀನು ತಿನ್ನು ಕಣಮ್ಮಿ" ಅಂದು ನನ್ನ ಬಾಯನ್ನೇ ನೋಡುತ್ತಿದ್ದೆ. ರಜೆಯಲ್ಲೂ ನನಗೆ ಬಡಿಸಿ ಮಲಗಿಸಿ, ಆಮೇಲೆ ಉಣ್ಣುತ್ತಿದ್ದೆ. ಏನು ಉಣ್ಣುತ್ತಿದ್ದೆ? ಹುಳಿ ಇಷ್ಟವಿತ್ತಾ, ಸಿಹಿಯಾ? ನೀನು ಸತ್ತೆ ಅಂತ ತಿಥಿ ಮಾಡಿದವರಿಗೆ ನಿನ್ನದೊಂದು ಆಸೆ ಗೊತ್ತಿತ್ತು. ಮಗಳು ಅಂತ ಹೇಳಿಕೊಂಡು ಹೋದ ನನಗೆ, ನಾನು ಬಿಡಿಸಿದ್ದು ಮಾತ್ರ ಗೊತ್ತಿತ್ತು.

"ಬೀಡಿನೇ ಇಡಿ," ಅಂದೆ.

ಕಾಫಿ ಕೊಟ್ಟರು. ಬಸ್ಸಿಗೆ ಹೊತ್ತಾಯ್ತು ಅಂದರು. ಹಬ್ಬಕ್ಕೆ ಬಾ ಅಂತ ಯಾರೂ ಅನ್ನಲಿಲ್ಲ.

ನಿನಗೆ ಅಲ್ಲಿ ಎಲೆ ಇದೆ, ಅಪ್ಪಾ. ನಿಮ್ಮಪ್ಪನ ಪಕ್ಕದಲ್ಲೇ ಅಂತೆ. ಹೋಗು. ಉಂಡ ಮೇಲೆ ಬೀಡಿ ಹಚ್ಚಿಕೋ, ನಿಧಾನವಾಗಿ ಸೇದು. ಮೂಗು ಮುಚ್ಚಿಕೊಳ್ಳುವವಳು ಅಲ್ಲಿರುವುದಿಲ್ಲ.